ಮೆಟ್ರಿಯ ಮೆಟ್ರೋ ದೊಡ್ಡಪ್ಪ

ಈ ಬರಹದಲ್ಲಿ ಕಾಗುಣಿತದ ತಪ್ಪುಗಳಿದ್ದರೆ ಅವು ನನ್ನವು. ಸಂಗತಿಗಳ ತಪ್ಪುಗಳಿದ್ದರೆ ಅವೂ ನನ್ನವೇ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ ಆದ್ದರಿಂದ, ಬರೆದದ್ದನ್ನು ತೋರಿಸಿ ತಿದ್ದಿಸಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ವಾಣಿಜ್ಯ ಪದವಿಯಲ್ಲಿ ಮನುಷ್ಯರ ಬಗ್ಗೆ ಬರೆಯುವುದನ್ನು ಕಲಿಸುವುದೂ ಇಲ್ಲ. ಬಲ್ಲವರು ಓದುವಾಗ ಎಲ್ಲಿಯಾದರೂ ಎಡವಿದರೆ, ದಯವಿಟ್ಟು ನನ್ನನ್ನು ಬೈದುಕೊಂಡು ಮುಂದಕ್ಕೆ ಹೋಗಬೇಕೆಂದು ವಿನಂತಿ.

ಕಳೆದ ವರ್ಷ ನಮ್ಮೂರು ಮೆಟ್ರಿಯ ಕ್ರಾಸಿನಲ್ಲಿ ಒಬ್ಬರಿಗೆ ನಿವೃತ್ತಿಯ ಬೀಳ್ಕೊಡುಗೆ ನಡೆಯಿತು. ಅವರು ನಿವೃತ್ತರಾದದ್ದು ಯಾರೂ ನೇಮಿಸದ ಹುದ್ದೆಯಿಂದ. ಆದೇಶವಿಲ್ಲದ, ಸಂಬಳವಿಲ್ಲದ, ಕುರ್ಚಿ ಸಹ ಇಲ್ಲದ ಹುದ್ದೆಗೆ ಅಷ್ಟು ದಪ್ಪನೆಯ ಹಾರ ತಂದ ಊರು ಇನ್ನೊಂದು ಇರಲಾರದು. ಓದಿದ ಹುಡುಗಿ ಎಂಬ ಕಾರಣಕ್ಕೆ ಆ ಸಭೆಯಲ್ಲಿ ನನಗೂ ಎರಡು ಮಾತಾಡಲು ಹೇಳಿದ್ದರು. ಮೊದಲನೆಯ ಮಾತು ಮುಗಿಯುವಷ್ಟರಲ್ಲಿ, ಮುಖ್ಯ ಅತಿಥಿಗಳಿಗಾಗಿ ಇನ್ನೊಂದು ಊರಿನಲ್ಲಿ ಇನ್ನೊಂದು ಹಾರ ಕಾದಿದೆಯೆಂದು ತಿಳಿದುಬಂದು, ವಂದನಾರ್ಪಣೆ ಆರಂಭವಾಯಿತು. ಉಳಿದ ಇನ್ನೊಂದು ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಸ್ವಲ್ಪ ಉದ್ದವಾಗಿದೆ.

ಅವರ ಹೆಸರನ್ನು ಬರೆಯುವುದಿಲ್ಲ. ಅವರು ನಮ್ಮ ಪಕ್ಕದ ಮನೆಯವರು. ರಕ್ತಸಂಬಂಧವಿಲ್ಲ, ಆದರೆ ಅಪ್ಪನಿಗಿಂತ ಹಿರಿಯರಾದ್ದರಿಂದ ಅಪ್ಪ ಅವರನ್ನು ‘ಅಣ್ಣಾ’ ಎಂದೂ ನಾನು ‘ದೊಡ್ಡಪ್ಪ’ ಎಂದೂ ಕರೆಯುತ್ತಿದ್ದೆವು. ಊರಿನ ಉಳಿದವರು ‘ಮೆಟ್ರೋ’ ಎನ್ನುತ್ತಿದ್ದರು. ಅವರು ಎದುರಿಗೇ ಇದ್ದರೆ ‘ಮೆಟ್ರೋ ಸಾಹೇಬ್ರ’ ಎಂದು ಗೌರವವನ್ನು ಸೇರಿಸುತ್ತಿದ್ದರು. ನಗುವನ್ನು ಮಾತ್ರ ಎರಡೂ ಸಂದರ್ಭಗಳಲ್ಲಿ ಒಂದೇ ಪ್ರಮಾಣದಲ್ಲಿ ಇಟ್ಟುಕೊಳ್ಳುತ್ತಿದ್ದರು.

ಈ ಬಿರುದು ಅವರಿಗೆ ಬಂದ ಬಗೆಯನ್ನು ಹೇಳಬೇಕು. ದೊಡ್ಡಪ್ಪ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಕಾವಲುಗಾರರಾಗಿದ್ದರು. ಗಿರಣಿ ಮುಚ್ಚಿತು. ಕಾಯಲು ಏನೂ ಉಳಿಯದೆ ಅವರು ಕಟ್ಟೆಯ ಮೇಲೆ ಕುಳಿತು ಊರನ್ನೇ ಕಾಯುತ್ತಿದ್ದ ದಿನಗಳಲ್ಲಿ, ಗುತ್ತಿಗೆದಾರನ ಕಡೆಯವನೊಬ್ಬ ಫೋನು ಮಾಡಿದ. ಆ ಸಂಭಾಷಣೆಯನ್ನು ದೊಡ್ಡಪ್ಪ ಎರಡೂ ಧ್ವನಿಗಳಲ್ಲಿ ಅಭಿನಯಿಸಿ ತೋರಿಸುತ್ತಿದ್ದರು.

“ಮೆಟ್ರೋದಾಗ ಗಾರ್ಡ್ ಕೆಲಸ ಐತಿ, ಮಾಡ್ತೀರೇನ್ರಿ?”

“ಮೆಟ್ರಿದಾಗಾ? ಮಾಡಾಕೇನು! ಮನಿ ಊಟ ಮಾಡ್ಕೊಂಡು ಮಾಡಬೌದು.”

“ಊಟದ್ದೇನೂ ತೊಂದ್ರಿಲ್ಲ ಬರ್ರಿ. ಸಂಜಿಗೆ ಹೊಸಪೇಟಿ ರೈಲ್ವೆ ಸ್ಟೇಷನ್ನಿಗೆ ಬರ್ರಿ. ಡ್ರೆಸ್ ಅಲ್ಲೇ ಕೊಡ್ತೀವಿ.”

ದೊಡ್ಡಪ್ಪ ಹೆಗಲ ಮೇಲೊಂದು ಟವಲ್ಲು ಹಾಕಿಕೊಂಡು, ಡ್ರೆಸ್ ತರುತ್ತೇನೆಂದು ಹೆಂಡತಿಗೆ ಹೇಳಿ ಹೊಸಪೇಟೆಗೆ ಹೋದರು. ಡ್ರೆಸ್ಸುಗಳ ಗಂಟು ರೈಲಿನ ಒಳಗಿತ್ತು. ಒಳಗೆ ಹತ್ತಿದರು. ರೈಲು ಹೊರಟಿತು. ಸುತ್ತ ಕುಳಿತಿದ್ದ ಹತ್ತಾರು ಗಂಡಸರನ್ನು ಅವರು ಕೇಳಿದರಂತೆ: “ಇದು ಮೆಟ್ರಿಗೆ ಹೊಂಟೈತೇನ್ರಪಾ?” ಎಲ್ಲರೂ ಒಂದೇ ದನಿಯಲ್ಲಿ “ಹೌದು, ಮೆಟ್ರೋಕ್ಕ ಹೊಂಟೀವಿ” ಎಂದರಂತೆ. ನಮ್ಮೂರಿಗೆ ರೈಲು ಹಳಿ ಹಾಕಿದ್ದು ಯಾವಾಗ ಎಂಬ ಪ್ರಶ್ನೆ ಅವರನ್ನು ಕಾಡಲಿಲ್ಲವೆ ಎಂದು ನಾನು ಕೇಳಿದ್ದೆ. “ಸರ್ಕಾರ ಯಾವಾಗ್ ಏನ್ ಮಾಡ್ತೈತೋ ನಮಗೇನ್ ಹೇಳಿ ಮಾಡ್ತೈತೇನವ್ವಾ?” ಎಂದರು. ಆಡಳಿತದ ಬಗ್ಗೆ ಇಷ್ಟು ಅಚಲವಾದ ವಿಶ್ವಾಸವನ್ನು ನಾನು ಪಠ್ಯಪುಸ್ತಕಗಳಲ್ಲಿಯೂ ಕಂಡಿಲ್ಲ. ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದ ಮೇಲೂ, ನಮ್ಮೂರು ಇಷ್ಟು ಬೇಗ ಸುಧಾರಿಸಿತೆ ಎಂದು ಅವರಿಗೆ ಕ್ಷಣಕಾಲ ಸಂತೋಷವಾಗಿತ್ತಂತೆ.

ಅವರನ್ನು ನಿಲ್ಲಿಸಿದ್ದು ನಗರದ ಹೊರವಲಯದ ಒಂದು ಮೆಟ್ರೋ ನಿಲ್ದಾಣದಲ್ಲಿ, ಮಾರ್ಗ ಕೊನೆಗೊಳ್ಳುವ ಕಡೆ. ಹೊಲಗಳು ಆರಂಭವಾಗಬೇಕಾದ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಆರಂಭವಾಗಿದ್ದವು. ಅಲ್ಲಿ ಅವರು ಎರಡು ವರ್ಷ ಗೇಟಿನ ಬಳಿ ನಿಂತರು. ನೀಲಿ ಅಂಗಿ, ಕೊರಳಲ್ಲಿ ಸೀಟಿ. ಊರಿಗೆ ಮರಳಿದ ಮೇಲೆ ಜನ ರೈಲಿನ ಬಗ್ಗೆ ಕೇಳುತ್ತಿದ್ದರು: ಎಷ್ಟು ಜೋರು ಓಡುತ್ತದೆ, ಮೇಲಿಂದ ಬೀಳುವುದಿಲ್ಲವೆ, ಒಳಗೆ ತಂಪಂತೆ ನಿಜವೆ. ದೊಡ್ಡಪ್ಪನಿಗೆ ರೈಲಿನಲ್ಲಿ ಆಸಕ್ತಿಯೇ ಇರಲಿಲ್ಲ. ಅವರನ್ನು ಬೆರಗುಗೊಳಿಸಿದ್ದು ನಿಲ್ದಾಣದ ಕೆಳಗಿನ ದೃಶ್ಯ.

“ರೈಲು ಇಳಿದು ಕೆಳಗ ಬಂದ್ರ ಸಣ್ಣ ಬಸ್ಸು ನಿಂತಿರ್ತೈತಿ. ಯಾರ ಸಲುವಾಗಿ? ರೈಲಿನ ಮಂದಿ ಸಲುವಾಗಿ. ನಾವು ಬಸ್ಸು ಕಾಯೋದಲ್ಲಲೇ, ಬಸ್ಸು ನಮ್ಮನ್ನ ಕಾಯ್ತೈತಿ!”

ಕಟ್ಟೆಯ ಮೇಲಿದ್ದವರು ಇದನ್ನು ಪುರಾಣ ಕೇಳುವಂತೆ ಕೇಳುತ್ತಿದ್ದರು. ನಂಬುವುದು ಕಡ್ಡಾಯವಲ್ಲದ ಕಾರಣ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ನಮ್ಮ ಕಡೆಯ ವ್ಯವಸ್ಥೆ ಬೇರೆಯಾಗಿತ್ತು. ಮೆಟ್ರಿಯಿಂದ ಹೊಸಪೇಟೆಗೆ ಹೋಗುವವರು ಬೆಳಗಿನ ಬಸ್ಸಿನಲ್ಲಿ ಕಂಪ್ಲಿಗೆ ಹೋಗಿ, ಅಲ್ಲಿ ಹೊಸಪೇಟೆಯ ಬಸ್ಸು ಹತ್ತಬೇಕು. ದೊಡ್ಡಪ್ಪ ಕಂಪ್ಲಿ ನಿಲ್ದಾಣವನ್ನು ‘ಇಂಟರ್‌ಚೇಂಜ್’ ಎಂದು ಕರೆಯುತ್ತಿದ್ದರು. ನಮ್ಮ ಬಸ್ಸು ಇಂಟರ್‌ಚೇಂಜಿನ ಒಳಗೆ ತಿರುಗುವ ಹೊತ್ತಿಗೆ ಹೊಸಪೇಟೆಯ ಬಸ್ಸು ಹೊರಕ್ಕೆ ತಿರುಗುತ್ತಿತ್ತು. ಇಬ್ಬರೂ ಚಾಲಕರು ಪರಸ್ಪರ ಕೈಯೆತ್ತಿ ನಮಸ್ಕರಿಸುತ್ತಿದ್ದರು. ಆ ಸೌಜನ್ಯದ ದರ್ಶನ ಪ್ರಯಾಣಿಕರಿಗೆ ಪ್ರತಿದಿನವೂ ಉಚಿತವಾಗಿ ಲಭ್ಯವಿತ್ತು.

ತಪ್ಪು ಚಾಲಕರದ್ದೆಂದು ನಾನು ಬರೆಯಲಾರೆ. ನಮ್ಮ ಬಸ್ಸು ತಡವಾಗುತ್ತಿದ್ದುದು ನಮ್ಮ ಕ್ರಾಸಿನಲ್ಲೇ. ಬಸ್ಸು ಕಂಡ ಕೂಡಲೇ ಜನ ಬಾಗಿಲಿಗೆ ಹೋಗುತ್ತಿರಲಿಲ್ಲ, ಕಿಟಕಿಗಳಿಗೆ ಹೋಗುತ್ತಿದ್ದರು. ಕಿಟಕಿಯಿಂದ ಟವಲ್ಲು ಎಸೆದರೆ ಸೀಟು ತಮ್ಮದಾಯಿತೆಂಬ ಕಾನೂನು ನಮ್ಮಲ್ಲಿ ಸಂವಿಧಾನಕ್ಕಿಂತ ಹೆಚ್ಚು ಜನರಿಗೆ ಕಂಠಪಾಠವಾಗಿದೆ. ಟವಲ್ಲು ಇಲ್ಲದವರು ಊಟದ ಡಬ್ಬಿ ಎಸೆಯುತ್ತಿದ್ದರು. ಒಮ್ಮೆ ಒಬ್ಬರು ಕಾಲು ಕಟ್ಟಿದ ಕೋಳಿಯನ್ನು ಒಳಗೆ ಬಿಟ್ಟರು. ಅದು ಅವರಿಗಾಗಿ ಎರಡು ಸೀಟು ಹಿಡಿಯಿತು. ನಂತರ ಬಾಗಿಲಲ್ಲಿ ಇಳಿಯುವವರಿಗೂ ಹತ್ತುವವರಿಗೂ ಕುಸ್ತಿ. ಅದು ಮುಗಿದ ಮೇಲೆ ಒಳಗೆ ವಿಚಾರಣೆ.

“ಲೇ, ಟವಲ್ ನಂದು ಮೊದಲ ಬಿದ್ದೈತಿ!”

“ನಿಂದು ಬಿದ್ದಿದ್ದು ಸೀಟಿನ ಬೆನ್ನ ಮ್ಯಾಲಲೇ. ಬೆನ್ನ ಮ್ಯಾಲ ಬಿದ್ದಿದ್ದು ಲೆಕ್ಕಕ್ಕಿಲ್ಲ!”

ಕಂಡಕ್ಟರ್ ತೀರ್ಪು ಕೊಟ್ಟ ಮೇಲೆಯೇ ಬಸ್ಸು ಕದಲುತ್ತಿತ್ತು. ಈ ನ್ಯಾಯಾಂಗ ಪ್ರಕ್ರಿಯೆಗೆ ಬೇಸತ್ತ ಕೆಲವು ಚಾಲಕರು ನಮ್ಮ ಕ್ರಾಸಿನಲ್ಲಿ ನಿಲ್ಲಿಸದೆ ಮುಂದಕ್ಕೆ ಹೋಗಿಬಿಡುತ್ತಿದ್ದರು. ಆಗ ಇಡೀ ಊರು ಬಸ್ಸಿನ ಹಿಂದೆ ಓಡುತ್ತಿತ್ತು. ವ್ಯಾಯಾಮವಾಗುತ್ತಿತ್ತೆಂಬುದನ್ನು ಒಪ್ಪಬೇಕು.

ನನ್ನ ಬದುಕು ಈ ಬಸ್ಸಿಗೆ ಸಿಕ್ಕಿಕೊಂಡದ್ದು ಪದವಿ ಮುಗಿದ ವರ್ಷ. ಹೊಸಪೇಟೆಯ ಒಬ್ಬ ಆಡಿಟರ್ ಬಳಿ ನನಗೆ ಕೆಲಸ ಸಿಕ್ಕಿತು. ಅವರ ಕಚೇರಿಯಲ್ಲಿ ಗಡಿಯಾರವನ್ನು ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ಊದುಬತ್ತಿಯ ಹೊಗೆ ಎರಡಕ್ಕೂ ಸಮನಾಗಿ ಹೋಗುತ್ತಿತ್ತು. ಮೊದಲ ಆರು ತಿಂಗಳು ಪರೀಕ್ಷಾ ಅವಧಿ. “ಹತ್ತು ಅಂದ್ರೆ ಹತ್ತಮ್ಮ. ನೀವು ಹಳ್ಳಿಯಿಂದ ಬರೋದು ನಿಮ್ಮ ಅನುಕೂಲ, ನನ್ನ ಅನುಕೂಲ ಅಲ್ಲ” ಎಂದು ಅವರು ಮೊದಲ ದಿನವೇ ತಿಳಿಸಿದ್ದರು. ಇತ್ತ ಅಪ್ಪ ಇನ್ನೊಂದು ನಿಯಮ ಮಾಡಿದ್ದರು: ದೀಪ ಹಚ್ಚುವ ಹೊತ್ತಿಗೆ ನಾನು ಮನೆಯಲ್ಲಿರಬೇಕು, ಕತ್ತಲಾದ ಮೇಲೆ ಕ್ರಾಸಿನಿಂದ ಒಬ್ಬಳೇ ನಡೆದು ಬಂದದ್ದನ್ನು ಯಾರಾದರೂ ಕಂಡರೆ ಅಂದಿಗೆ ಕೆಲಸ ಮುಗಿಯಿತು, ಮರುದಿನದಿಂದ ಗಂಡು ನೋಡುವ ಕಾರ್ಯ ಆರಂಭ. ಹೀಗೆ ನನ್ನ ಉದ್ಯೋಗದ ಒಂದು ತುದಿಯನ್ನು ಆಡಿಟರೂ ಇನ್ನೊಂದು ತುದಿಯನ್ನು ಅಪ್ಪನೂ ಹಿಡಿದಿದ್ದರು. ನಡುವೆ ಇದ್ದದ್ದು ಬಸ್ಸು.

ಮೊದಲ ತಿಂಗಳಲ್ಲೇ ನಾನು ಹಲವು ಸಲ ತಡವಾಗಿ ಹೋದೆ. ಟವಲ್ಲು ಎಸೆಯುವ ವಿದ್ಯೆಯನ್ನು ಮೂರು ವರ್ಷದ ಪದವಿಯಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಂಜೆಯೂ ಅದೇ ಕಷ್ಟ. ಚಾಲಕ ಕ್ರಾಸಿನಲ್ಲಿ ನಿಲ್ಲಿಸದೆ ಮುಂದಿನ ಊರಿನಲ್ಲಿ ಇಳಿಸಿದರೆ, ಅಲ್ಲಿಂದ ಗದ್ದೆಗಳ ನಡುವೆ ನಡೆದು ಬರುವಷ್ಟರಲ್ಲಿ ಮುಸ್ಸಂಜೆ ಕಳೆದಿರುತ್ತಿತ್ತು. ಆಡಿಟರ್ ಕೊನೆಯ ಎಚ್ಚರಿಕೆ ಕೊಟ್ಟರು. ಅಪ್ಪನೂ ಕೊಟ್ಟರು. ಇಬ್ಬರೂ ಎಂದೂ ಭೇಟಿಯಾಗಿರಲಿಲ್ಲ; ಆದರೂ ಅವರ ಮಾತು ಆಶ್ಚರ್ಯಕರವಾಗಿ ಒಂದೇ ಆಗಿತ್ತು: “ಇನ್ನೊಂದ್ ಸಲ ಆದ್ರೆ ಸಾಕು.”

ದೊಡ್ಡಪ್ಪ ಬೆಂಗಳೂರಿನಿಂದ ಮರಳಿದ್ದು ಆ ದಿನಗಳಲ್ಲಿ. ಗುತ್ತಿಗೆ ಮುಗಿದಿತ್ತು. ನೀಲಿ ಅಂಗಿಯನ್ನೂ ಸೀಟಿಯನ್ನೂ ಅವರಿಂದ ಮರಳಿ ಕೇಳಲು ಯಾರಿಗೂ ನೆನಪಾಗಿರಲಿಲ್ಲ. ಊರಿಗೆ ಬಂದ ವಾರದಲ್ಲೇ ಅವರೊಬ್ಬ ಅಸಹನೀಯ ಮನುಷ್ಯರೆಂದು ಎಲ್ಲರಿಗೂ ಮನವರಿಕೆಯಾಯಿತು. ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ಪಕ್ಕಕ್ಕೆ ನಿಂತು, “ಹೊರಗ ಬರೋರು ಮೊದಲ ಬರ್ರಿ” ಎನ್ನುತ್ತಿದ್ದರು. ಒಳಗಿನಿಂದ ಬರುವವರು ಯಾರೂ ಇಲ್ಲದಿದ್ದರೂ ಕಾಯುತ್ತಿದ್ದರು. ಮದುವೆಯ ಊಟದಲ್ಲಿ ಉಣ್ಣುವವರ ಬೆನ್ನಿಗೆ ನಿಂತು, ಅವರು ಮಜ್ಜಿಗೆ ಕುಡಿಯುವುದನ್ನೇ ಕಣ್ಣಿಟ್ಟು ನೋಡುವ ನಮ್ಮ ಸಂಪ್ರದಾಯವಿದೆಯಷ್ಟೆ? ಅಲ್ಲಿ ಹೋಗಿ ಸೀಟಿ ಊದಿ, ಬೀಗರ ಕಡೆಯ ಹಿರಿಯರನ್ನು ಸಾಲಿನಲ್ಲಿ ನಿಲ್ಲಿಸಿದರು. ಆ ಮದುವೆ ಉಳಿದದ್ದು ಹುಡುಗಿಯ ಅದೃಷ್ಟ.

ಒಂದು ಬೆಳಗ್ಗೆ ಅದೇ ನೀಲಿ ಅಂಗಿ ತೊಟ್ಟು ಕ್ರಾಸಿನಲ್ಲಿ ಕಾಣಿಸಿಕೊಂಡರು.

“ಇಳಿಯೋರಿಗೆ ಮೊದಲ ದಾರಿ ಬಿಡ್ರಿ! ಟವಲ್ ಹಾಕಬ್ಯಾಡ್ರಿ! ಬಾಗಲಾ ಎಡಗಡಿಗೆ ತೆರಿತಾವ!”

“ಮೆಟ್ರೋ ಸಾಹೇಬ್ರ,” ಎಂದರು ಕಬ್ಬಿನ ಗದ್ದೆಯ ಮೇಸ್ತ್ರಿಯೊಬ್ಬರು, “ನಮ್ಮ ಬಸ್ಸಿಗೆ ಬಾಗಲಾ ಇದ್ರ ತಾನ ತೆರಿಯೋದು?”

ಕ್ರಾಸು ನಕ್ಕಿತು. ದೊಡ್ಡಪ್ಪ ನಗಲಿಲ್ಲ. ಅವರಿಗೆ ನಗು ಅರ್ಥವಾಗುತ್ತಿರಲಿಲ್ಲವೆಂದಲ್ಲ. ಸಮವಸ್ತ್ರದಲ್ಲಿರುವಾಗ ನಗಬಾರದೆಂದು ಬೆಂಗಳೂರಿನಲ್ಲಿ ಹೇಳಿಕೊಟ್ಟಿದ್ದರು. ಅಂದಿನಿಂದ ದಿನವೂ ಬಂದರು. ದಿನವೂ ಜನ ಅವರ ಭುಜದ ಮೇಲಿನಿಂದಲೇ ಟವಲ್ಲು ಎಸೆದರು. ಒಂದು ದಿನ ಒದ್ದೆ ಟವಲ್ಲೊಂದು ಕಿಟಕಿಗೆ ತಲುಪದೆ ಅವರ ತಲೆಯ ಮೇಲೆ ಬಿತ್ತು. “ಸೀಟು ಹಿಡದ್ನೋಡ್ರಲೇ!” ಎಂದು ಯಾರೋ ಕೂಗಿದರು. ದೊಡ್ಡಪ್ಪ ಅದನ್ನು ತೆಗೆದು, ಹಿಂಡಿ, ಮಡಚಿ, ಒಡೆಯನಿಗೆ ಕೊಟ್ಟು, “ದಯವಿಟ್ಟು ಸಹಕರಿಸ್ರಿ” ಎಂದರು.

ಅವರಿಗೆ ಕೊರತೆಯಾಗಿ ಕಂಡದ್ದು ಗೆರೆ. ಮೆಟ್ರೋ ನಿಲ್ದಾಣದಲ್ಲಿ ಹಳದಿ ಗೆರೆಯೊಂದಿದೆಯಂತೆ, ರೈಲು ನಿಂತು ಬಾಗಿಲು ತೆರೆಯುವವರೆಗೂ ಅದರಾಚೆ ಯಾರೂ ಹೆಜ್ಜೆ ಇಡುವುದಿಲ್ಲವಂತೆ. “ಗೆರಿ ಇಲ್ಲದ ಮಂದಿ ಎಲ್ಲಿ ನಿಂದ್ರಬೇಕು ಪಾಪ” ಎಂದು ಅವರು ಊರಿನ ಪರವಾಗಿ ಮರುಕಪಟ್ಟರು. ಹಳದಿ ಬಣ್ಣ ಕೊಳ್ಳುವ ಬದಲು, ಒಂದು ಸಂಜೆ ಮನೆಯಲ್ಲಿದ್ದ ಸುಣ್ಣದ ಪುಡಿಗೆ ದೊಡ್ಡವ್ವನ ಡಬ್ಬಿಯಿಂದ ಅರಿಷಿಣ ಬೆರೆಸಿ, ಕ್ರಾಸಿನಲ್ಲಿ ರಂಗೋಲಿ ಬಿಡುವಂತೆ ಉದ್ದಕ್ಕೆ ಗೆರೆ ಸುರಿದು ಬಂದರು. ಒಣ ಪುಡಿ, ತಕ್ಕಮಟ್ಟಿಗೆ ಹಳದಿಯಾಗಿಯೇ ಕಾಣುತ್ತಿತ್ತು.

ಅರಿಷಿಣಕ್ಕೆ ಸುಣ್ಣ ಕೂಡಿ ನೀರು ತಾಗಿದರೆ ಏನಾಗುತ್ತದೆಂಬುದು ನಮ್ಮ ಸೀಮೆಯ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಬಾಣಂತಿಗೆ, ಮದುಮಕ್ಕಳಿಗೆ, ದೃಷ್ಟಿಯಾದ ಕೂಸಿಗೆ ಓಕುಳಿ ನೀರು ಮಾಡಿ ನಿವಾಳಿಸುವುದು ಅವರೇ. ಆ ತಟ್ಟೆಯ ಮುಂದೆ ಜೀವಮಾನವಿಡೀ ಗಂಭೀರವಾಗಿ ಕುಳಿತು ಆರತಿ ಎತ್ತಿಸಿಕೊಂಡ ಗಂಡಸರಿಗೆ, ನೀರು ಕೆಂಪಾಗುವುದು ಹೇಗೆಂದು ವಿಚಾರಿಸುವ ಪ್ರಮೇಯ ಬರುವುದಿಲ್ಲ. ಅಂದು ಗದ್ದೆಗಳ ಮೇಲೆ ಮಂಜು ಚೆನ್ನಾಗಿ ಬಿದ್ದಿತ್ತು.

ಬೆಳಗ್ಗೆ ನಾನು ಕ್ರಾಸಿಗೆ ಹೋದಾಗ ಇಡೀ ಊರು ದೂರದಲ್ಲಿ ಒತ್ತಾಗಿ ನಿಂತಿತ್ತು. ಮೂರು ದಾರಿ ಕೂಡುವ ಆ ಜಾಗದಲ್ಲಿ, ರಸ್ತೆಯ ಅಂಚಿಗೆ ಉದ್ದಕ್ಕೆ, ಕಡುಗೆಂಪು ಗೆರೆ.

“ಯಾರೋ ಮಾಡಿಸ್ಯಾರ,” ಎಂದಳು ಹೂವು ಮಾರುವಾಕೆ. “ಇಷ್ಟುದ್ದ ಮಾಡ್ಸಾಕ ಎಷ್ಟು ದೊಡ್ಡ ಮಂತ್ರಗಾರನ್ನ ಕರಸ್ಯಾರೋ ಏನೋ.”

“ದಾಟಿದ್ರ ರಕ್ತ ಕಾರ್ತಾರ,” ಎಂದರು ಹಿಂದಿನ ದಿನ ಟವಲ್ಲು ಎಸೆದವರು.

ಬಸ್ಸು ಬಂತು. ನಿಂತಿತು. ಯಾರೂ ಓಡಲಿಲ್ಲ, ಕಿಟಕಿಗೆ ಒಂದು ಕರವಸ್ತ್ರ ಸಹ ಹಾರಲಿಲ್ಲ. ಚಾಲಕ ಗಾಬರಿಯಾಗಿ ಇಣುಕಿ, “ಯಾಕ್ರಿ, ಊರಾಗ ಯಾರರ ಹೋದ್ರೇನು?” ಎಂದು ಕೇಳಿದ. ಇಳಿಯುವವರು ನಮ್ಮೂರಿನ ಇತಿಹಾಸದಲ್ಲೇ ಮೊದಲ ಬಾರಿಗೆ ಅಂಗಿಯ ಗುಂಡಿಗಳ ಸಮೇತ ಇಳಿದರು. ದೊಡ್ಡಪ್ಪ ಸೀಟಿ ಊದಿ, “ಈಗ ಹತ್ರಿ” ಎಂದರು. ಯಾರೂ ಕದಲಲಿಲ್ಲ.

ಆಗ ದೊಡ್ಡವ್ವ ಖಾಲಿ ಅರಿಷಿಣದ ಡಬ್ಬಿ ಹಿಡಿದು ಗಂಡನನ್ನು ಹುಡುಕಿಕೊಂಡು ಬಂದಳು. ಗೆರೆಯನ್ನು ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು, ನನ್ನ ಕಿವಿಯಲ್ಲಷ್ಟೇ ಹೇಳಿದಳು: “ಒಂದ್ ಮಾತು ಕೇಳಿದ್ರ ಹೇಳ್ತಿದ್ನಿಲ್ಲೇನು? ಇಡೀ ರೋಡಿಗೆ ಓಕುಳಿ ಮಾಡ್ಯಾನ ನೋಡ ನಿಮ್ಮ ದೊಡ್ಡಪ್ಪ.”

“ಬಾರವ್ವಾ, ನೀ ಮೊದಲ” ಎಂದು ದೊಡ್ಡಪ್ಪ ನನ್ನನ್ನೇ ಕರೆದರು. ನಾನು ಗೆರೆ ದಾಟಿ ಬಸ್ಸು ಹತ್ತಿದೆ. ರಕ್ತ ಕಾರದಿರುವುದನ್ನು ಖಚಿತಪಡಿಸಿಕೊಂಡ ಮೇಲೆ ಉಳಿದವರೂ ಒಬ್ಬೊಬ್ಬರಾಗಿ, ಬಲಗಾಲು ಮುಂದಿಟ್ಟು, ಹೊಸ ಸೊಸೆ ಮನೆ ತುಂಬುವಂತೆ ಹತ್ತಿದರು. ಕಂಪ್ಲಿಯಲ್ಲಿ ಹೊಸಪೇಟೆಯ ಬಸ್ಸು ಇನ್ನೂ ನಿಂತೇ ಇತ್ತು. ಅದು ನಮ್ಮನ್ನು ಕಾಯುತ್ತಿರುವಂತೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ನಾನು ಕೇಳಿದೆ: “ದೊಡ್ಡಪ್ಪ, ಅದನ್ನ ಮಾಟ ಅಂತಾರಲ್ಲ. ನಿಜ ಹೇಳಬಾರದಾ?”

“ಅನ್ಲಿ ಬಿಡವ್ವಾ. ಬೆಂಗಳೂರಾಗ ದಂಡ ಹಾಕ್ತೀವಂತ ಹೆದರಸ್ತೀವಿ, ಇಲ್ಲಿ ದೆವ್ವ. ಮನಿಷ್ಯಾ ಯಾತಕ್ಕರ ಹೆದರಿದ್ರ ಸಾಕು, ಸಾಲು ತಾನ ಆಕ್ಕೈತಿ.”

ಪೌರಪ್ರಜ್ಞೆಯನ್ನು ಕುರಿತು ಕಾಲೇಜಿನಲ್ಲಿ ಪ್ರಬಂಧ ಬರೆದು ನಾನು ಬಹುಮಾನ ಪಡೆದಿದ್ದೆ. ಅದರಲ್ಲಿ ಈ ಅಂಶ ಬಿಟ್ಟುಹೋಗಿತ್ತು.

ಗೆರೆ ಅಳಿಸಿದಾಗಲೆಲ್ಲ ದೊಡ್ಡಪ್ಪ ಅದನ್ನು ಮತ್ತೆ ಎಳೆಯುತ್ತಿದ್ದರು. ಕೆಂಪಾಗಿಯೇ. ಹಳದಿಯ ಬಗ್ಗೆ ಅವರಿಗಿದ್ದ ನಿಷ್ಠೆ ಒಂದೇ ಬೆಳಗ್ಗೆ ಹಾರಿಹೋಯಿತು. ಆದರೆ ಬಸ್ಸು ನಿಲ್ಲಿಸುವುದೋ ಬಿಡುವುದೋ ಇನ್ನೂ ಚಾಲಕನ ಮರ್ಜಿಯಲ್ಲಿತ್ತು. ಊರಿನ ದೆವ್ವಕ್ಕೆ ಡಿಪೋದ ಮೇಲೆ ಅಧಿಕಾರವಿರಲಿಲ್ಲ. ಅದೂ ಬಗೆಹರಿದದ್ದು ಒಬ್ಬ ಹೊಸ ಕಂಡಕ್ಟರ್ ಬಂದ ದಿನ. ಸಾಲಾಗಿ ನಿಂತ ಜನ, ಸೀಟಿ, ಇಸ್ತ್ರಿ ಮಾಡಿದ ನೀಲಿ ಅಂಗಿ ನೋಡಿ ಅವನು ಫುಟ್‌ಬೋರ್ಡಿನಿಂದಲೇ ಕೈಮುಗಿದ.

“ನಮಸ್ಕಾರ ಸಾರ್. ಚೆಕಿಂಗಾ? ಯಾವ ಕಡಿಯವರ್ರಿ ತಾವು?”

“ಮೆಟ್ರಿ” ಎಂದರು ದೊಡ್ಡಪ್ಪ.

“ಮೆಟ್ರೋ?”

“ಹೂಂ. ಹುಟ್ಟಿದಾಗಿಂದ.”

ಅವರು ಸುಳ್ಳು ಹೇಳಲಿಲ್ಲ. ಕಂಡಕ್ಟರ್ ಚಾಲಕನ ಕಿವಿಯಲ್ಲಿ ಏನೋ ಹೇಳಿದ. ಮರುದಿನದಿಂದ ಬೆಳಗಿನ ಬಸ್ಸು ಗೆರೆಗೆ ಸರಿಯಾಗಿ ಬಾಗಿಲು ಬರುವಂತೆ ನಿಲ್ಲತೊಡಗಿತು. ಸಂಜೆ ದೊಡ್ಡಪ್ಪ ರಸ್ತೆಯ ಆಚೆ ಬದಿಯಲ್ಲಿ ನಿಲ್ಲುತ್ತಿದ್ದರು. ಸಂಜೆಯ ಬಸ್ಸೂ ನಿಂತಿತು. ದೀಪ ಹಚ್ಚುವ ಮೊದಲೇ ಮನೆ ಸೇರಿದ ನನ್ನನ್ನು ಕಂಡು ಅಪ್ಪನಿಗೆ ಬೈಯಲು ಏನೂ ಸಿಗದೆ, “ಇಷ್ಟು ಜಲ್ದಿ ಯಾಕ ಬಂದಿ, ಕೆಲಸ ಸರಿ ಮಾಡ್ತೀಯಿಲ್ಲೋ?” ಎಂದರು.

ಡಿಪೋದಿಂದ ಕಂಪ್ಲಿಗೆ, ಕಂಪ್ಲಿಯಿಂದ ಸುತ್ತಲ ಊರುಗಳಿಗೆ ಸುದ್ದಿ ಹೊಸ ರೂಪದಲ್ಲಿ ಮರಳಿತು: ಮೆಟ್ರೋದವರು ಸರ್ವೆಗೆ ಬಂದಿದ್ದಾರೆ, ಮೊದಲ ನಿಲ್ದಾಣ ನಮ್ಮ ಕ್ರಾಸು. ಕೆಂಪು ಗೆರೆ ಅದರ ಗುರುತು. ನಿವೇಶನದ ದಲ್ಲಾಳಿಗಳು ಬೈಕುಗಳಲ್ಲಿ ಬಂದು ಗದ್ದೆಗಳ ಕಡೆ ಪ್ರೀತಿಯಿಂದ ನೋಡಿಹೋದರು. ಎಮ್ಮಿಗನೂರಿನಿಂದ ಬಂದ ನೆಂಟರೊಬ್ಬರು, ಕಬ್ಬು ಬೆಳೆಯುವ ತಮ್ಮೂರನ್ನು ಬಿಟ್ಟು ಮೆಟ್ರಿಗೆ ಮೆಟ್ರೋ ಕೊಟ್ಟದ್ದು ಪಕ್ಷಪಾತವೆಂದು ನಮ್ಮ ಮನೆಯಲ್ಲಿ ಊಟ ಮಾಡುತ್ತಲೇ ಖಂಡಿಸಿದರು. ಹಂಪಿಗೆ ಬರುವ ಪರದೇಶದವರ ಅನುಕೂಲಕ್ಕೆ ಇದನ್ನು ಮಾಡುತ್ತಿದ್ದಾರೆಂದು ಬಲ್ಲವರು ವಿವರಿಸಿದರು. ಯಾರಾದರೂ ನೇರವಾಗಿ ಕೇಳಿದರೆ ದೊಡ್ಡಪ್ಪ, “ಬಂದ್ರ ಬರ್ತೈತಿ. ಬರೋತನ ಗೆರಿ ಹಿಂದ ನಿಂದ್ರಿ” ಎನ್ನುತ್ತಿದ್ದರು. ಸ್ಥಳೀಯ ಮುಖಂಡರೊಬ್ಬರು ಇದೆಲ್ಲ ತಮ್ಮ ಪ್ರಯತ್ನದ ಫಲವೆಂದು ಒಪ್ಪಿಕೊಂಡರು. ಅವರ ವಿನಯ ಮೆಚ್ಚುವಂಥದ್ದು.

ಆರು ತಿಂಗಳಾದ ಮೇಲೆ ಆಡಿಟರ್ ನನ್ನ ಕೆಲಸವನ್ನು ಖಾಯಂ ಮಾಡಿದರು. ಕೃತಜ್ಞತೆ ಹೇಳಲು ಪೇಡೆ ಹಿಡಿದು ದೊಡ್ಡಪ್ಪನ ಮನೆಗೆ ಹೋದೆ. ಅವರು ಹೊಸ್ತಿಲಲ್ಲಿ ನನ್ನನ್ನು ತಡೆದು, ಒಳಗಿನಿಂದ ಬೆಕ್ಕು ಹೊರಗೆ ಹೋಗುವವರೆಗೂ ಕಾಯಿಸಿದರು.

ಎರಡು ವರ್ಷ ಹೀಗೆ ನಡೆಯಿತು. ನಂತರ ಅವರ ಮೊಣಕಾಲುಗಳು ಕೈಕೊಟ್ಟವು. ಬೆಳಗ್ಗೆ ನಿಂತವರು ಸಂಜೆ ನಿಲ್ಲಲಾಗದೆ ಕಂಬಕ್ಕೆ ಒರಗುತ್ತಿದ್ದರು. ಸಂಡೂರಿನ ಕಡೆ ಚೋರನೂರಿಗೆ ಕೊಟ್ಟಿದ್ದ ಮಗಳು ಬಂದು, ಅಪ್ಪ ಅವ್ವ ಇಬ್ಬರನ್ನೂ ತನ್ನಲ್ಲಿಗೆ ಕರೆದೊಯ್ಯುವುದಾಗಿ ಹೇಳಿದಳು. ಆಗ ಊರಿಗೆ ಅವರ ಸೇವೆಯ ಮಹತ್ವ ಥಟ್ಟನೆ ಹೊಳೆದು, ಬೀಳ್ಕೊಡುಗೆ ಏರ್ಪಾಟಾಯಿತು. ಅವರನ್ನು ಹುಚ್ಚನೆಂದವರೆಲ್ಲ ವೇದಿಕೆಯ ಮೇಲೆ ಜಾಗ ಪಡೆದಿದ್ದರು. ಮುಖಂಡರು ಮೆಟ್ರೋ ತಂದೇ ತರುವುದಾಗಿ ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ದೊಡ್ಡಪ್ಪನಿಗೆ ಮೈಕು ಕೊಟ್ಟರು. ಫೋಟೋಕ್ಕೆಂದು ಎಲ್ಲರೂ ಅವರ ಮೇಲೆ ಮುಗಿಬಿದ್ದಿದ್ದರು. ಅವರು ಹೇಳಿದ್ದು ಇಷ್ಟೇ: “ಸ್ವಲ್ಪ ಹಿಂದ ಸರೀರಿ.”

ನಾನು ಆ ಸಭೆಯಲ್ಲಿ ಹೇಳಲಾಗದೆ ಉಳಿದ ಮಾತು ಇನ್ನು ಮುಂದಿನದು. ಬೀಳ್ಕೊಡುಗೆಯ ಹಿಂದಿನ ಸಂಜೆ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಅಪ್ಪನೂ ದೊಡ್ಡಪ್ಪನೂ ಕುಳಿತಿದ್ದರು. ನಾನು ಚಹ ಕೊಟ್ಟು ಬಾಗಿಲ ಒಳಗೆ ನಿಂತಿದ್ದೆ.

“ನೀ ಹ್ವಾದ ಮ್ಯಾಲ ಬಸ್ಸು ನಿಂದ್ರೂದಿಲ್ಲ ಬಿಡಣ್ಣಾ,” ಎಂದರು ಅಪ್ಪ. “ನಮ್ಮ ಹುಡಿಗೀನ ಕೆಲಸ ಬಿಡಿಸಿಬಿಡ್ತೀನಿ. ಕತ್ತಲದಾಗ ಅಡ್ಡಾಡೋದು ಬ್ಯಾಡ. ನಾಳಿಗೆ ಮಂದಿ ಒಂದು ಮಾತಾಡಿದ್ರ?”

ದೊಡ್ಡಪ್ಪ ಚಹವನ್ನು ಬಟ್ಟಲಿಗೆ ಸುರಿದುಕೊಂಡು ನಿಧಾನವಾಗಿ ಕುಡಿದರು.

“ನಾ ಅಲ್ಲಿ ಗೇಟಿಗೆ ನಿಂತಿರ್ತಿದ್ನಿಲ್ಲಪಾ, ದಿನಾ ಕತ್ತಲಾದ ಮ್ಯಾಲೂ ಹೆಣ್ಮಕ್ಳು ಇಳಿತಿದ್ರು. ಹೆಗಲಿಗೆ ಬ್ಯಾಗು. ಕಾರ್ಡು ಒತ್ತಿ, ಕೆಳಗ ಇಳಿದು, ಸಣ್ಣ ಬಸ್ಸು ಹತ್ತಿ ಹೋಗ್ತಿದ್ರು. ಮೊದಮೊದಲು ನನಗೂ ಒಂಥರಾ ಆಗ್ತಿತ್ತು. ಈಕೀ ಅಪ್ಪ ಎಲ್ಲಿ ಅದಾನ, ಕರಿಯಾಕ ಯಾಕ ಬಂದಿಲ್ಲ ಅಂತ ನೋಡ್ತಿದ್ದೆ. ಆಮ್ಯಾಲ ತಿಳೀತು. ಅಪ್ಪ ಊರಾಗ ಆರಾಮ ನಿದ್ದಿ ಮಾಡ್ಯಾನ.”

“ನಿನಗೇನಣ್ಣಾ, ನೀ ಮಗಳ್ನ ಚೋರನೂರಿಗೆ ಕೊಟ್ಟು ಕೈ ತೊಳಕೊಂಡಿ. ಹೇಳಾಕ ಚಂದ.”

“ಅದಕ್ಕ ಹೇಳಾಕತ್ತೀನಿ. ಅಕೀ ಕಂಪ್ಲಿ ಕಾಲೇಜಿಗೆ ಹೋಗ್ತೀನಂತ ಎಷ್ಟು ಅತ್ತಾಳ ಗೊತ್ತೈತೇನು ನಿನಗ? ಬಸ್ಸು ನಿಂದ್ರೂದಿಲ್ಲ ಬ್ಯಾಡ ಅಂದೆ. ಎಲ್ಲಾ ಬಸ್ಸಿನ ಮ್ಯಾಲ ಹಾಕಿದೆ.” ದೊಡ್ಡಪ್ಪ ಬಟ್ಟಲನ್ನು ಕೆಳಗಿಟ್ಟರು. “ಬಸ್ಸು ನಿಲ್ಲಸೋದು ಅಷ್ಟೇನ್ ಕಷ್ಟ ಇದ್ದಿಲ್ಲ ನೋಡು. ನಾ ಎದ್ದು ಹೋಗಿ ನಿಂತಿದ್ದಿಲ್ಲ, ಅಷ್ಟ.”

ಒಳಗೆ ಅವ್ವ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು. ದೊಡ್ಡಪ್ಪ ಮೊಣಕಾಲಿನ ಮೇಲೆ ಕೈಯೂರಿ ಎದ್ದು, “ನಾ ಇನ್ನ ನಿಂದ್ರಾಕ ಆಗೂದಿಲ್ಲಪಾ. ನಿಂದು ನೀ ನೋಡ್ಕೊ” ಎಂದು ಹೇಳಿ ತಮ್ಮ ಮನೆಗೆ ಹೋದರು.

ಅವರು ಚೋರನೂರಿಗೆ ಹೋದ ಮೇಲೆ ಬಸ್ಸು ಕೆಲವು ದಿನ ಅಭ್ಯಾಸಬಲದಿಂದ ನಿಂತಿತು. ಒಂದು ಮಳೆಗೆ ಗೆರೆ ಅಳಿಯಿತು. ಟವಲ್ಲುಗಳು ಮತ್ತೆ ಹಾರಿದವು; ಬಸ್ಸೂ ಮೊದಲಿನಂತೆ ಮುಂದಕ್ಕೆ ಹೋಗಿ ನಿಲ್ಲತೊಡಗಿತು. ಊರಿನವರು ಈಗಲೂ ಮೆಟ್ರೋ ಬರುವುದನ್ನು ನಂಬುತ್ತಾರೆ. ಬಸ್ಸು ನಿಲ್ಲುವುದನ್ನು ನಂಬುವುದಿಲ್ಲ.

ನಮ್ಮ ಮನೆಯಲ್ಲಿ ಆದ ಬದಲಾವಣೆ ಇದು. ನಾನು ಈಗ ಹೊಸಪೇಟೆಯಲ್ಲಿ, ಕಚೇರಿಯ ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಾಡಿಗೆ ಮನೆಯಲ್ಲಿದ್ದೇನೆ. ಮನೆ ನೋಡಲು ಅಪ್ಪ ಬಂದಿದ್ದರು. ಬಾಗಿಲ ಚಿಲಕವನ್ನು ಎರಡು ಬಾರಿ ಎಳೆದು ನೋಡಿ, “ಗಟ್ಟಿ ಐತಿ” ಎಂದರು. ಶನಿವಾರ ಕೆಲಸ ಮುಗಿಸಿ ಊರಿಗೆ ಹೊರಟರೆ ನಾನು ಮನೆ ಮುಟ್ಟುವಾಗ ಒಮ್ಮೊಮ್ಮೆ ಎಲ್ಲರ ಊಟ ಮುಗಿದಿರುತ್ತದೆ. ಅವ್ವ ನನ್ನ ತಟ್ಟೆ ಮುಚ್ಚಿಟ್ಟಿರುತ್ತಾಳೆ. ಅಪ್ಪ ಮಲಗಿರುತ್ತಾರೆ.